‘ನಿಂದು ಏನೈತಿ?’ ಅಂತ ಹುಡುಗನನ್ನು ಯಾರೂ ಕೇಳಲಿಲ್ಲ

2023ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. “ನಿನ್ನ ಅಳಿಯ ರಾತ್ರಿಯಿಂದ ಉಂಡಿಲ್ಲ. ಕಂಪ್ಯೂಟರ್ ಮುಂದ ಸುಮ್ನ ಕುಂತಾನ. ಏನಾತು ಅಂದ್ರ ಮಾತಾಡವಲ್ಲ. ನೀನರ ಬಂದು ನೋಡು.”

ಅಕ್ಕನ ಊರು ಲಿಂಗಸುಗೂರಿನಿಂದ ಮುದಗಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಬೈಕ್ ತೆಗೆದುಕೊಂಡು ಹೋದೆ. ಹುಡುಗ ಆಗ ಒಂಬತ್ತನೇ ಇಯತ್ತೆ ಮುಗಿಸಿದ್ದ. ನನ್ನನ್ನು ನೋಡಿ ಒಂದೇ ಮಾತು ಹೇಳಿದ: “ಮಾಮಾ, ಮುದಗಲ್ ಕಿಲ್ಲಾ ಹೋತು.”

ನನಗೆ ತಿಳಿಯಲಿಲ್ಲ. ಭಾವ ಬಾಗಿಲಲ್ಲಿ ನಿಂತು ನಕ್ಕರು. “ಅದೇನಿಲ್ಲ ಬಿಡಪಾ, ಗೇಮ್ ಹೋಗೈತಂತ. ಒಳ್ಳೇದ ಆತು.”

ಒಳ್ಳೇದಾಗಿರಲಿಲ್ಲ. ಯಾಕೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಒಬ್ಬ ಹುಡುಗನ ಕಥೆಯಷ್ಟೇ ಅಲ್ಲ. ಹಳೆಯ ಕಂಪ್ಯೂಟರ್ ಇರುವ ಎಲ್ಲ ಮನೆಗಳಿಗೂ ಈಗ ಇದೇ ಸರದಿ ಬಂದಿದೆ.

ಅವನು ಆಡುತ್ತಿರಲಿಲ್ಲ, ಕಟ್ಟುತ್ತಿದ್ದ

ಆ ಮನೆಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅದರಲ್ಲಿ ವಿಂಡೋಸ್ 7 ಇತ್ತು. ಆಟ ‘ಏಜ್ ಆಫ್ ಎಂಪೈರ್ಸ್ 2’, 1999ರಲ್ಲಿ ಬಂದದ್ದು. ಗೆಳೆಯನ ಅಣ್ಣ ಸಿಡಿ ಕೊಟ್ಟಿದ್ದ.

ಈ ಆಟದ ಒಳಗೇ ಒಂದು ಎಡಿಟರ್ ಇದೆ. ಕಂಪನಿ ಮಾಡಿಕೊಟ್ಟ ನಕ್ಷೆಯಲ್ಲಿ ಆಡುವುದರ ಬದಲು ನಿಮ್ಮದೇ ನಕ್ಷೆ ಮಾಡಿಕೊಳ್ಳಬಹುದು. ನೆಲ ಎತ್ತರಿಸಿ ಗುಡ್ಡ ಮಾಡಬಹುದು. ನೀರು ಹರಿಸಬಹುದು. ಗೋಡೆ, ಬಾಗಿಲು, ಬುರುಜು ನಿಲ್ಲಿಸಬಹುದು. ಅದಕ್ಕಿಂತ ದೊಡ್ಡದು ‘ಟ್ರಿಗರ್’ ಎಂಬ ಸೌಲಭ್ಯ. ‘ಇಂಥ ಜಾಗಕ್ಕೆ ಸೈನ್ಯ ಬಂದರೆ ಈ ಬಾಗಿಲು ತೆರೆಯಲಿ’, ‘ಐದು ನಿಮಿಷ ಆದ ಮೇಲೆ ಈ ಸಂದೇಶ ಬರಲಿ’ ಎಂದು ಷರತ್ತು ಹಾಕಬಹುದು. ಹೀಗಾದರೆ ಹಾಗಾಗಲಿ ಎಂದು ಯಂತ್ರಕ್ಕೆ ಹೇಳುವುದೇ ಪ್ರೋಗ್ರಾಮಿಂಗ್‌ನ ಮೊದಲ ಪಾಠ.

ನಮ್ಮ ಹುಡುಗ ಅದರಲ್ಲಿ ಮುದಗಲ್ ಕೋಟೆ ಕಟ್ಟಿದ್ದ. ಸೈಕಲ್ ಮೇಲೆ ಹೋಗಿ ನೋಡಿ ಬಂದು, ಹೊರಗಿನ ಕಂದಕ, ಜೋಡಿ ಗೋಡೆ, ಫತೇ ದರ್ವಾಜಾ, ಒಳಗಿನ ಗುಡ್ಡ ಎಲ್ಲ ಹಾಕಿದ್ದ. ಮುದಗಲ್‌ನ ಅಕ್ಕಸಾಲಿಗನ ಮಗಳ ಕಾರಣಕ್ಕೆ 1406ರ ಸುಮಾರಿಗೆ ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ಯುದ್ಧವಾಯಿತೆಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಆ ಕಥೆಯನ್ನು ಹುಡುಗ ಟ್ರಿಗರ್‌ಗಳಲ್ಲಿ ಕೂರಿಸಿದ್ದ. ಅಷ್ಟು ಹಳೆಯ ಆಟ ಕನ್ನಡ ಅಕ್ಷರ ತೋರಿಸುವುದಿಲ್ಲ. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾತು ಬರೆದಿದ್ದ. ಎರಡು ವರ್ಷದ ಸಂಜೆಗಳ ಕೆಲಸ ಅದು.

ಇನ್ನೊಂದು ಮಾತು. ವಿಂಡೋಸ್ 7ರಲ್ಲಿ ಈ ಆಟದ ಬಣ್ಣಗಳು ಕೆಡುತ್ತವೆ, ಹುಲ್ಲು ನೀರು ಎಲ್ಲ ಕೆಂಪು ನೇರಳೆಯಾಗಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ‘ಎಕ್ಸ್‌ಪ್ಲೋರರ್’ ಬಂದ್ ಮಾಡಿ ಆಟ ಶುರು ಮಾಡಿದರೆ ಸರಿಹೋಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಹುಡುಕಿಕೊಂಡಿದ್ದ. ಇಂಥ ಹುಡುಗನನ್ನು ‘ಬರೀ ಗೇಮ್ ಆಡ್ತಾನ’ ಎಂದು ನಾವು ಮನೆಮಂದಿಯೆಲ್ಲ ಬೈಯುತ್ತಿದ್ದೆವು. ನಾನೂ ಬೈದಿದ್ದೆ.

ಕಂಪ್ಯೂಟರ್ ಬದಲಾಯಿಸಿದ್ದು ಯಾಕೆ?

ಭಾವ ಸುಮ್ಮನೆ ಬದಲಾಯಿಸಿರಲಿಲ್ಲ. ದೊಡ್ಡ ಮಗಳ ಕಾಲೇಜಿನ ಅರ್ಜಿ ತುಂಬಬೇಕಿತ್ತು. ಬ್ರೌಸರ್ ಹಳತಾಗಿದೆ ಎಂದು ಪುಟ ಸರಿಯಾಗಿ ತೆರೆಯುತ್ತಿರಲಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. 2023ರ ಫೆಬ್ರವರಿಯಿಂದ ಕ್ರೋಮ್‌ನ ಹೊಸ ಆವೃತ್ತಿಗಳೂ ಅದರಲ್ಲಿ ಬರುವುದು ನಿಂತಿತು. ಹೊಸ ವಿಂಡೋಸ್ ಹಾಕಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಪೇಟೆಯ ಅಂಗಡಿಯಲ್ಲಿ ಕೇಳಿದರಂತೆ: “ಏನರ ಉಳಿಸೋದೈತೇನ್ರೀ?” ಭಾವ ಮದುವೆ ಫೋಟೊ, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್, ಬೆಳೆ ವಿಮೆ ರಸೀದಿ ಎಂದು ಪಟ್ಟಿ ಹೇಳಿದರು. ಅಂಗಡಿಯವರು ಅದಷ್ಟನ್ನೂ ಜೋಪಾನವಾಗಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ಅವರ ತಪ್ಪೇನೂ ಇಲ್ಲ.

ಹುಡುಗನನ್ನು ಮಾತ್ರ ಯಾರೂ ಕೇಳಲಿಲ್ಲ. ಅವನದ್ದೂ ಅದರಲ್ಲಿ ಏನಾದರೂ ಇರಬಹುದು ಎಂದು ಯಾರಿಗೂ ಹೊಳೆಯಲೇ ಇಲ್ಲ.

ಹುಡುಕಿದ್ದು, ಸಿಕ್ಕಿದ್ದು

ಆವತ್ತು ನಾವಿಬ್ಬರೂ ಕೂತು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೇರೆ ಆಟದ ಎಡಿಟರ್, ಹಳೆಯ ಅಕೌಂಟ್ ಸಾಫ್ಟ್‌ವೇರ್, ಹಳೆಯ ಡಿಸೈನ್ ಸಾಫ್ಟ್‌ವೇರ್, ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತು.

ಮೊದಲು ಆಟವನ್ನು ಮತ್ತೆ ಹಾಕಬೇಕಿತ್ತು. ಸಿಡಿ ಪುಣ್ಯಕ್ಕೆ ಕಪಾಟಿನಲ್ಲಿತ್ತು. ಹಾಕಿ ತೆರೆದರೆ ‘ಡೈರೆಕ್ಟ್‌ಪ್ಲೇ ಬೇಕು’ ಎಂಬ ಸಂದೇಶ ಬಂತು. ಇದು ಹಳೆಯ ಆಟಗಳು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮಾತಾಡಲು ಬಳಸುತ್ತಿದ್ದ ಭಾಗ. ಹೊಸ ವಿಂಡೋಸ್‌ನಲ್ಲಿ ಇದೆ, ಆದರೆ ಬಂದ್ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂಬಲ್ಲಿಗೆ ಹೋಗಿ, ‘ಲೆಗಸಿ ಕಾಂಪೊನೆಂಟ್ಸ್’ ಒಳಗೆ ಅದಕ್ಕೆ ಟಿಕ್ ಹಾಕಬೇಕು. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಅದನ್ನು ಹಾಕಿದೆವು.

ಆಮೇಲೂ ಆಟ ತೆರೆದು ಮುಚ್ಚಿಕೊಂಡಿತು. ಆಗ ಆಟದ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರಲ್ಲಿ ‘ಕಂಪ್ಯಾಟಿಬಿಲಿಟಿ’ಗೆ ಹೋಗಿ ‘ವಿಂಡೋಸ್ ಎಕ್ಸ್‌ಪಿ’ ಆರಿಸಿದೆವು. ನಾನು ಹಳೆಯ ಮನೆಯಲ್ಲೇ ಇದ್ದೇನೆ ಎಂದು ಆ ಪ್ರೋಗ್ರಾಂ ನಂಬುವಂತೆ ಮಾಡುವ ಉಪಾಯ ಅದು. ಆಟ ತೆರೆಯಿತು.

ಎಡಿಟರ್ ಒಳಗೆ ಹೋದೆವು. ನಕ್ಷೆಗಳ ಪಟ್ಟಿ ಖಾಲಿ.

ಹುಡುಗ ಹೇಳಿದ: “ನಾ ಆಟದ ಫೋಲ್ಡರ್‌ನಾಗ ಸೇವ್ ಮಾಡಿದ್ದೆ ಮಾಮಾ.” ಅವನಿಗೆ ಹಾಗೇ ಕಂಡಿತ್ತು. ಆದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಒಂದು ಪದ್ಧತಿ ಇದೆ. ಹಳೆಯ ಪ್ರೋಗ್ರಾಂ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬರೆಯಲು ಹೋದರೆ, ಭದ್ರತೆಗಾಗಿ ವಿಂಡೋಸ್ ಅದನ್ನು ತಡೆದು, ಸದ್ದಿಲ್ಲದೆ ‘ವರ್ಚುವಲ್‌ಸ್ಟೋರ್’ ಎಂಬ ಬೇರೆ ಫೋಲ್ಡರ್‌ಗೆ ಬರೆಸುತ್ತದೆ. ಬಳಸುವವನಿಗೆ ಇದು ಗೊತ್ತಾಗುವುದೇ ಇಲ್ಲ. ಅದು ಇರುವುದು ಯೂಸರ್ಸ್, ಅದರಲ್ಲಿ ನಿಮ್ಮ ಹೆಸರು, ಅದರೊಳಗೆ ಆಪ್‌ಡೇಟಾ, ಅದರೊಳಗೆ ಲೋಕಲ್ ಎಂಬ ಫೋಲ್ಡರ್‌ನಲ್ಲಿ. ಆಪ್‌ಡೇಟಾ ಅಡಗಿರುತ್ತದೆ. ಫೋಲ್ಡರ್ ಕಿಟಕಿಯ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿದರೆ ಕಾಣುತ್ತದೆ.

ಅಲ್ಲಿ ನೋಡಿದರೆ ಅದೂ ಖಾಲಿ. ಹೊಸ ವಿಂಡೋಸ್, ಹೊಸ ಯೂಸರ್ ಹೆಸರು. ಹಳೆಯದು ಹೋಗಿತ್ತು.

ಕೊನೆಯ ಆಸೆ ಒಂದು ಉಳಿದಿತ್ತು. ಡಿಸ್ಕ್ ಫಾರ್ಮ್ಯಾಟ್ ಮಾಡದೆ ಹೊಸ ವಿಂಡೋಸ್ ಹಾಕಿದರೆ ಹಳೆಯದೆಲ್ಲ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಆದರೆ ಸಾಮಾನ್ಯವಾಗಿ ಹತ್ತು ದಿನ ಮಾತ್ರ. ಆಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಆವತ್ತು ಆರನೇ ದಿನ. ಫೋಲ್ಡರ್ ಇತ್ತು. ಅದರೊಳಗೆ ಹಳೆಯ ಯೂಸರ್ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಎಂದು ಒಂದೊಂದಾಗಿ ಇಳಿದರೆ ಕಡೆಗೆ ‘ಸಿನಾರಿಯೊ’ ಎಂಬ ಫೋಲ್ಡರ್. ಅದರಲ್ಲಿ ನಾಲ್ಕು ಫೈಲು.

ಅವನ್ನು ಹೊಸ ಆಟದ ಸಿನಾರಿಯೊ ಫೋಲ್ಡರ್‌ಗೆ ನಕಲು ಮಾಡಿ ಎಡಿಟರ್ ತೆರೆದೆವು. ಕಂದಕ, ಗೋಡೆ, ಗುಡ್ಡ ಎಲ್ಲ ಬಂತು. ಹುಡುಗ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಅವ್ವನಿಗೆ “ರೊಟ್ಟಿ ಕೊಡು” ಅಂದ.

ಆಮೇಲೆ ಆದದ್ದೇ ನನಗೆ ಹೆಚ್ಚು ನೆನಪಿದೆ. ಭಾವ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬೆರಳು ಮಾಡಿ, “ಈ ಕಡೀಗೆ ಇನ್ನೊಂದು ಬುರುಜು ಐತಲ್ಲೋ, ಅದನ್ಯಾಕ ಹಾಕಿಲ್ಲ?” ಅಂದರು. ಎರಡು ವರ್ಷದಲ್ಲಿ ಮಗನ ಪರದೆಯನ್ನು ಅವರು ನೋಡಿದ್ದು ಅದೇ ಮೊದಲು.

ಡಿಟಿಪಿ ಅಂಗಡಿಗೂ ಇದೇ ರೋಗ

ಇದು ಆಟದ ಎಡಿಟರ್‌ಗೆ ಮಾತ್ರ ಬರುವ ತೊಂದರೆ ಎಂದುಕೊಳ್ಳಬೇಡಿ. ನಮ್ಮ ಪೇಟೆಗಳ ಡಿಟಿಪಿ ಅಂಗಡಿಗಳಲ್ಲಿ ಕೇಳಿ ನೋಡಿ. ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಂಘದ ಠರಾವು ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಆ ಫೈಲಿನೊಳಗೆ ಇದ್ದದ್ದು ಮೊದಲಿನಿಂದಲೂ ಅದೇ. ಫಾಂಟ್ ಮಾತ್ರ ಅದಕ್ಕೆ ಕನ್ನಡದ ಮುಖವಾಡ ಹಾಕಿ ತೋರಿಸುತ್ತಿತ್ತು. ಫಾಂಟ್ ಹೋದರೆ ಮುಖವಾಡ ಕಳಚುತ್ತದೆ.

ಯುನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಈ ರೋಗ ಇಲ್ಲ. ಅಲ್ಲಿ ‘ಕ’ ಎಂದರೆ ಎಲ್ಲ ಯಂತ್ರದಲ್ಲೂ ‘ಕ’. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಆದರೂ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡುವವರು ಇನ್ನೂ ಇದ್ದಾರೆ. ಹಳೆಯ ಫೈಲನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಸಾಫ್ಟ್‌ವೇರ್ ಸಾಯುವ ಮೊದಲೇ ಈ ಕೆಲಸ ಮಾಡಿಕೊಳ್ಳಬೇಕು.

ಹುಡುಗನ ಕೋಟೆ, ಅಂಗಡಿಯ ಲಗ್ನಪತ್ರಿಕೆ, ಎರಡಕ್ಕೂ ಬಂದ ಕಷ್ಟ ಒಂದೇ. ನಾವು ಮಾಡಿದ ಕೆಲಸವನ್ನು ಅದನ್ನು ಮಾಡಿದ ಸಾಧನದ ಕೊರಳಿಗೇ ಕಟ್ಟಿಬಿಟ್ಟಿರುತ್ತೇವೆ.

‘ಗೇಮ್’ ಎಂಬ ಒಂದೇ ಹೆಸರು

ನೀವು ಕೇಳಬಹುದು: ‘ಗೇಮ್‌ನಿಂದ ಎಷ್ಟೋ ಮನೆ ಹಾಳಾಗ್ಯಾವ, ನೀನು ಅದರ ಪರ ಮಾತಾಡ್ತೀಯಲ್ಲ?’

ಹಾಳಾಗಿರುವುದು ನಿಜ. ಫೋನಿನಲ್ಲಿ ದುಡ್ಡು ಹಾಕಿ ಆಡಿ ಸಾಲ ಮಾಡಿಕೊಂಡವರು ನಮ್ಮ ಭಾಗದಲ್ಲೂ ಇದ್ದಾರೆ. ಅದಕ್ಕೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಆದರೆ ಅದೇ ಕಾನೂನು ಇ-ಸ್ಪೋರ್ಟ್ಸ್ ಬೇರೆ, ದುಡ್ಡಿಲ್ಲದ ಆಟ ಬೇರೆ, ಜೂಜು ಬೇರೆ ಎಂದು ವಿಂಗಡಿಸುತ್ತದೆ. ದಿಲ್ಲಿಯಲ್ಲಿ ಮಾಡುವ ಕಾನೂನಿಗೆ ಗೊತ್ತಾಗುವ ಈ ವ್ಯತ್ಯಾಸ ನಮ್ಮ ಮನೆಯಲ್ಲಿ ನಮಗೆ ಯಾಕೆ ಗೊತ್ತಾಗಬಾರದು?

ದುಡ್ಡು ಕಟ್ಟಿ ಆಡುವವನು ಕಳೆಯುತ್ತಾನೆ. ಬರೀ ಆಡುವವನು ಹೊತ್ತು ಕಳೆಯುತ್ತಾನೆ. ನಕ್ಷೆ ಕಟ್ಟುವವನು ಅಳತೆ, ಷರತ್ತು, ತಾಳ್ಮೆ ಕಲಿಯುತ್ತಾನೆ. ಮೂವರನ್ನೂ ಒಂದೇ ಹೆಸರಿಂದ ಕರೆದರೆ ಮೂರನೆಯವನಿಗೆ ಅನ್ಯಾಯ. ಇಷ್ಟು ಹೇಳಿ, ರಾತ್ರಿ ಒಂದರ ತನಕ ಕಂಪ್ಯೂಟರ್ ಮುಂದೆ ಕೂರಲಿ ಎಂದು ನಾನು ಹೇಳುತ್ತಿಲ್ಲ. ಹೊತ್ತಿನ ಲೆಕ್ಕ ಇರಲಿ. ಆದರೆ ಬೈಯುವ ಮುಂಚೆ ಒಮ್ಮೆ ಪರದೆ ನೋಡಿ.

ಸರದಿ ಮತ್ತೆ ಬಂದಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಪ್ರಕಟಿಸಿದರು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಊರುಗಳ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಇದಕ್ಕೆ ಅರ್ಹವಲ್ಲ.

ಹಾಗಾದರೆ ಹಳೆಯದರಲ್ಲೇ ಇರೋಣವೇ? ಬೇಡ. ಭದ್ರತಾ ಅಪ್‌ಡೇಟ್ ಬರದ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕುವುದು ಅಪಾಯ. ಹಳೆಯ ಯಂತ್ರ ಎಸೆಯಲು ಮನಸ್ಸಿಲ್ಲದಿದ್ದರೆ ಲಿನಕ್ಸ್ ಹಾಕಿಸಬಹುದು, ಅದು ಉಚಿತ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳು ವರ್ಷಗಳಿಂದ ಇಂಥ ಸ್ವತಂತ್ರ ತಂತ್ರಾಂಶದಲ್ಲೇ ಕಲಿಸುತ್ತಿವೆ. ‘ವೈನ್’ ಎಂಬ ತಂತ್ರಾಂಶ ಹಾಕಿಕೊಂಡರೆ ಹಲವು ಹಳೆಯ ವಿಂಡೋಸ್ ಆಟಗಳೂ ಅದರಲ್ಲಿ ನಡೆಯುತ್ತವೆ.

ಏನೇ ಮಾಡಿದರೂ ಮಾಡುವ ಮೊದಲು ಇಷ್ಟು ಮಾಡಿ:

1. ಮನೆಯ ಪ್ರತಿಯೊಬ್ಬರನ್ನೂ, ಚಿಕ್ಕವರನ್ನು ಮೊದಲು, ಕೇಳಿ: “ಇದರಾಗ ನಿಂದು ಏನೈತಿ?”

2. ಆಪ್‌ಡೇಟಾ ಸೇರಿ ‘ಯೂಸರ್ಸ್’ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ. ಬರೀ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಸಾಲದು.

3. ಬಳಸುವ ಸಾಫ್ಟ್‌ವೇರ್‌ಗಳ ಸಿಡಿ, ಇನ್‌ಸ್ಟಾಲ್ ಫೈಲ್, ಲೈಸೆನ್ಸ್ ನಂಬರ್ ಒಂದು ಕಡೆ ಬರೆದಿಡಿ. 2015ರಿಂದ ಈಚೆಗೆ, ‘ಸೇಫ್‌ಡಿಸ್ಕ್’ ಎಂಬ ನಕಲು ತಡೆ ಇದ್ದ ಹಳೆಯ ಸಿಡಿ ಆಟಗಳು ವಿಂಡೋಸ್ 10ರಲ್ಲಿ ತೆರೆಯುವುದೇ ಇಲ್ಲ. ನಿಮ್ಮದು ಅಂಥದ್ದೇ ಎಂದು ಮೊದಲೇ ವಿಚಾರಿಸಿ.

4. ಹೊಸ ಯೂಸರ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿಡುವುದು ಹೆಮ್ಮೆಯೇ, ಆದರೆ ಹಳೆಯ ಪ್ರೋಗ್ರಾಂಗಳು ಆ ದಾರಿ ಓದಲಾರದೆ ನಿಲ್ಲಬಹುದು.

5. ಹಾಕಿಸಿದ ಮೇಲೆ ಏನಾದರೂ ಕಾಣದಿದ್ದರೆ ‘ವಿಂಡೋಸ್ ಡಾಟ್ ಓಲ್ಡ್’ ನೋಡಿ. ಹತ್ತು ದಿನ ಎಂಬುದು ನೆನಪಿರಲಿ. ಜಾಗ ಸಾಲದೆಂದು ಅದನ್ನು ಅವಸರದಲ್ಲಿ ಅಳಿಸಬೇಡಿ.

6. ಹೊಸದಾಗಿ ಶುರು ಮಾಡುವ ಮಕ್ಕಳಿಗೆ ‘ಟೈಲ್ಡ್’, ‘ಗೊಡೋ’ದಂಥ ಮುಕ್ತ ಸಾಧನ ತೋರಿಸಿ. ಎರಡೂ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಟೈಲ್ಡ್‌ನಲ್ಲಿ ಮಾಡಿದ ನಕ್ಷೆ ಓದಲು ಬರುವ ಪಠ್ಯದ ರೂಪದಲ್ಲಿ ಉಳಿಯುತ್ತದೆ. ಸಾಫ್ಟ್‌ವೇರ್ ಹೋದರೂ ಒಳಗಿನದ್ದನ್ನು ತೆಗೆಯಬಹುದು.

ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಒಂದು ಮನವಿ. ಈಗ ಎಷ್ಟೋ ಕಡೆ ಅಲ್ಲಿ ಕಂಪ್ಯೂಟರ್ ಬಂದಿವೆ. ಅಪ್‌ಗ್ರೇಡ್ ಮಾಡುವ ಒಂದು ವಾರ ಮೊದಲು ಬೋರ್ಡಿನ ಮೇಲೆ ಒಂದು ಚೀಟಿ ಹಚ್ಚಿ. ಊರಿನ ಮಕ್ಕಳು ಮಾಡಿದ ಚಿತ್ರ, ನಕ್ಷೆ, ಪ್ರೋಗ್ರಾಂ ಇಡಲು ಒಂದು ಹಾರ್ಡ್‌ಡಿಸ್ಕ್ ಇರಲಿ. ದೊಡ್ಡ ಖರ್ಚೇನಲ್ಲ.

ಕಣಜ ಕೆಡವಿ ಹೊಸದು ಕಟ್ಟುವ ಮುಂಚೆ ಬಿತ್ತನೆ ಬೀಜ ಬೇರೆ ತೆಗೆದಿಡುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಬೀಜ ಯಾವುದು ಅಂತ ಗುರುತಿಸುವುದನ್ನು ಮಾತ್ರ ನಾವಿನ್ನೂ ಕಲಿಯಬೇಕು.

ಮೊನ್ನೆ ಅಕ್ಕನ ಮನೆಯ ಕಂಪ್ಯೂಟರ್ ಮತ್ತೆ ಬದಲಾಯಿತು. ಹುಡುಗ ಈಗ ಪಿಯುಸಿ. ಈ ಸಲ ಪಟ್ಟಿ ಮಾಡಿದವನು ಅವನೇ. ಒಬ್ಬೊಬ್ಬರನ್ನೇ ಕೇಳುತ್ತಾ ಅಡುಗೆಮನೆಗೆ ಹೋಗಿ, “ಅವ್ವಾ, ನಿಂದೇನೈತಿ?” ಅಂದನಂತೆ. ಅಕ್ಕ ಮೊದಲು “ನಂದೇನೈತೋ ಅದರಾಗ” ಅಂದಳಂತೆ. ಆಮೇಲೆ ನೆನಪು ಮಾಡಿಕೊಂಡು ಹೇಳಿದಳು: ನಮ್ಮ ಅವ್ವ ಹಾಡಿದ ಸೋಬಾನೆ ಪದ ಹಳೆಯ ಮೊಬೈಲ್‌ನಿಂದ ಯಾವತ್ತೋ ಅದಕ್ಕೆ ಹಾಕಿಸಿದ್ದಳು. ಅವ್ವ ತೀರಿಕೊಂಡು ಐದು ವರ್ಷ ಆಯಿತು. ಹಾಡು ಇದೆ ಎಂಬುದು ನನಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ.

ಮೂರು ಹಾಡು. ಈಗ ಎರಡು ಪೆನ್‌ಡ್ರೈವ್‌ನಲ್ಲಿವೆ. ಒಂದು ಅಕ್ಕನ ಹತ್ತಿರ, ಒಂದು ನನ್ನ ಹತ್ತಿರ.